ಕೆರಿ ಕಡೆ ಮಂಟಪ ಖಾಲಿ ಅದ ಏನ್ರಿ?

ಕೆರೆಯ ಗಾಳಿಗೆ ಕೂತು ಕೆಲಸ ಮಾಡುವವರು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಕಿಟಕಿಗೆ ಬರುತ್ತದೆ. ಉಣಕಲ್ ಕಡೆಯ ಒಂದು ಉದ್ಯಾನದಲ್ಲಿ ನನ್ನ ಕೆಲಸ. ಬುತ್ತಿ ಕಟ್ಟಿಕೊಂಡು ಬಂದವರು ಕೂರಲು ಅಲ್ಲಿ ಎರಡು ಮಂಟಪಗಳಿವೆ: ಒಂದು ಕೆರೆ ಕಡೆ, ಇನ್ನೊಂದು ಬೇವಿನ ಮರದ ಕಡೆ. ಅವನ್ನು ಬುಕ್ ಮಾಡಿಕೊಡುವವಳು ನಾನು. ಮಧ್ಯಾಹ್ನ ನೀರಿನ ಬೆಳಕು ನನ್ನ ಕೋಣೆಯ ಸೂರಿನ ಮೇಲೆ ತೂಗಾಡುತ್ತದೆ. ನೋಡುತ್ತ ಕೂತರೆ ಕಣ್ಣುರೆಪ್ಪೆಗಳು ತಾವೇ ಜೋಲುತ್ತವೆ.

ಗದ್ದಲ

ಗೋಕುಲ ರಸ್ತೆಯ ನಿವೃತ್ತ ಮಾಸ್ತರರೊಬ್ಬರು ಕೆರೆ ಕಡೆ ಮಂಟಪ ಕೇಳಿದರು. ಎಷ್ಟು ಮಂದಿ ಅಂದೆ. ತಾವೊಬ್ಬರೇ ಅಂತೆ, ಮನೆಯಲ್ಲಿ ಗದ್ದಲ, ಮಧ್ಯಾಹ್ನ ಮಲಗಲು ಆಗುತ್ತಿಲ್ಲ. ಸಂಜೆಯ ತನಕ ಹಾಯಾಗಿ ಮಲಗಿ ಹೋದರು. ಮರುದಿನ ಅವರ ಹೆಂಡತಿ ಬಂದು, ಮಂಟಪವನ್ನು ದಿನಾಲೂ ಅವರ ಹೆಸರಿಗೇ ಇಡಬೇಕು ಅಂದರು. ಅಷ್ಟು ಗದ್ದಲವೇ ಅಂತ ಕೇಳಿದೆ.

"ಅವರ ಗೊರಕಿ ಇಲ್ದ ನಿನ್ನೆ ಮನಿಮಂದಿ ಎಲ್ಲಾ ಮಲಗಿದ್ವಿ ನೋಡವಾ" ಅಂದರು.

ನೆರಳು

ಉಪ್ಪಿನಬೆಟಗೇರಿಯ ದೊಡ್ಡ ಕುಟುಂಬವೊಂದು ಮಂಟಪ ಬುಕ್ ಮಾಡಿ, ಬಂದು ಹುಲ್ಲಿನ ಮೇಲೆ ಜಮಖಾನೆ ಹಾಸಿ ಬಿಸಿಲಲ್ಲೇ ಕೂತಿತು. ಮಂಟಪದೊಳಗೆ ಒಂದು ಗಡಿಗೆ ಮಾತ್ರ. ಒಳಗೆ ಕೂರಬಾರದೇ ಅಂದೆ. ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು.

"ಮಂಟಪ ಮೊಸರಿಗೆ ಹಿಡದೇವಿ, ತಂಗಿ. ನಾವೇನ್ ಹುಳಿ ಆಗಂಗಿಲ್ಲ."

ಹೆಣ್ಣು ನೋಡುವುದು

ಒಂದು ರವಿವಾರ ಬೇವಿನ ಕಡೆ ಮಂಟಪದಲ್ಲಿ ಹೆಣ್ಣು ತೋರಿಸುವ ಕಾರ್ಯ. ಸಂಬಂಧ ಕುದುರಿಸಿದವರೊಬ್ಬರು ಫೋನಿನಲ್ಲೇ ಎಲ್ಲ ಗೊತ್ತುಮಾಡಿದ್ದರು. ಎರಡೂ ಕಡೆಯವರು ಪರಸ್ಪರ ಮುಖ ನೋಡಿರಲಿಲ್ಲ. ಧಾರವಾಡದಿಂದ ಬಂದ ಗಂಡಿನವರು ನೀರಿನ ಹೊಳಪು ನೋಡುತ್ತ ನೆಟ್ಟಗೆ ಕೆರೆ ಕಡೆ ಮಂಟಪಕ್ಕೆ ನಡೆದರು.

ಅಲ್ಲಿ ಬೇರೆಯೇ ಕುಟುಂಬ, ಮಗಳಿಗೆ ಕಾಲೇಜಿನಲ್ಲಿ ನೌಕರಿ ಸಿಕ್ಕಿತೆಂದು ಊಟಕ್ಕೆ ಕೂತಿತ್ತು. ಬಂದವರು ಮಗಳ ಕಾಲೇಜಿನವರಿರಬೇಕೆಂದು ಅವರು ಮಂಡಕ್ಕಿಯ ಗಿರ್ಮಿಟ್ ಕೊಟ್ಟರು, ಚಹಾ ಕೊಟ್ಟರು. ಹುಡುಗನ ತಾಯಿ ಓದು ಕೇಳಿದರು, ಹುಡುಗಿ ಹೇಳಿದಳು. ಮುಂದೆಯೂ ನೌಕರಿ ಮಾಡುವೆಯಾ ಅಂದರು. ಮಾಡದೆ ಏನು, ಈಗಷ್ಟೇ ಸಿಕ್ಕಿದೆ ಅಂದಳು. ಹುಡುಗ ನಕ್ಕ, ಅವಳೂ ನಕ್ಕಳು. ಸಂಜೆ ಬಿಸಿಲು ನೀರಿಗಿಳಿದು ಎಲ್ಲರ ಮುಖ ಬಂಗಾರವಾಗಿತ್ತು.

ಆಗ ಹುಡುಗನ ತಂದೆಗೆ ಫೋನು. ಬೇವಿನ ಗಿಡದ ಕೆಳಗೆ ಕಾಯುತ್ತ ಕೂತಿದ್ದೇವೆ, ಎಲ್ಲಿದ್ದೀರಿ ಅಂತ ಹೆಣ್ಣಿನ ತಂದೆ ಕೇಳುತ್ತಿದ್ದರು. ಹುಡುಗನ ತಂದೆತಾಯಿ ನಾಚಿ ಮುಖ ಕೆಂಪಾಗಿ ಎದ್ದರು. ಹುಡುಗ ಏಳಲಿಲ್ಲ.

"ನೀವು ಹೋಗಿ ಬರ್ರಿ, ಅವ್ವಾ. ನನಗ ಈ ಮಂಟಪ ಹಿಡಿಸೇದ" ಅಂದ. ಹುಡುಗಿ ಅವನ ತಟ್ಟೆಗೆ ಇನ್ನಷ್ಟು ಗಿರ್ಮಿಟ್ ಹಾಕಿದಳು.

ಇತ್ತ ಸುದ್ದಿ ತಿಳಿದ ಹೆಣ್ಣಿನ ತಂದೆ ಸಿಟ್ಟಿನಿಂದ ಗೇಟು ದಾಟಿದರು. ರೇಷ್ಮೆ ಸೀರೆಯ ಮಗಳು ಮಾತ್ರ ಹಿಂದುಳಿದು ನನ್ನ ಕಿಟಕಿಗೆ ಬಂದಳು. ಪಾಪ, ಅತ್ತುಬಿಡುತ್ತಾಳೇನೋ ಅಂದುಕೊಂಡೆ. ಅವಳು ತಂದೆ ಹೋದ ದಿಕ್ಕನ್ನೊಮ್ಮೆ ನೋಡಿ ದನಿ ತಗ್ಗಿಸಿದಳು.

"ಅಕ್ಕಾರ, ಭಾಳ ಉಪಕಾರ ಆತ್ರಿ. ಮುಂದಿನ ರವಿವಾರ ಇದ ಮಂಟಪ ನನ್ನ ಹೆಸರಿಗೆ ಇಡ್ರಿ. ಆವತ್ತು ಹುಡುಗನ್ನ ನಾನ ಕರಕೊಂಡು ಬರ್ತೇನಿ."