ಭಾವನ ಸ್ಟೂಲು

ಹಿಲ್ಯಾಳಿಗೆ ಗಂಡನ ಮೇಲೆ ಪ್ರೀತಿ ಇಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಆದರೆ ಆ ಪ್ರೀತಿ ಸುಖವಾಗಿ ಬಾಳಬೇಕಾದರೆ ಚಳಿಗಾಲದ ಶನಿವಾರಗಳಲ್ಲಿ ಅರ್ಮಾಸ್ ಹೆಪ್ಪುಗಟ್ಟಿದ ಸರೋವರದ ಮೇಲಿರಬೇಕು, ಅವಳು ಅಡುಗೆಮನೆಯಲ್ಲಿರಬೇಕು. ಮದುವೆಯಾದಾಗಿನಿಂದ ಈ ಏರ್ಪಾಡು ಸಾಂಗವಾಗಿ ನಡೆದಿತ್ತು. ಅರ್ಮಾಸ್ ತನ್ನ ಅಣ್ಣ ಕಲೆರ್ವೊನ ಜೊತೆ ಬೈರಿಗೆ ಹೊತ್ತು ಹೊರಡುತ್ತಿದ್ದ. ಹಿಮದಲ್ಲಿ ತೂತು ಕೊರೆದು, ಪಕ್ಕಪಕ್ಕದಲ್ಲಿ ಸ್ಟೂಲು ಹಾಕಿ, ಅಣ್ಣತಮ್ಮ ಸಂಜೆಯವರೆಗೆ ತುಟಿ ಬಿಚ್ಚದೆ ಗಾಳ ಹಿಡಿದು ಕೂತು ಮೀನು ತರುತ್ತಿದ್ದರು. (ಏನು ಮಾತಾಡಿದಿರಿ ಎಂದು ಕೇಳಿದರೆ ಇಬ್ಬರೂ "ತುಂಬಾ ಮಾತಾಡಿದ್ವಿ" ಎನ್ನುತ್ತಿದ್ದರು.)

ಎಲೆ ಉದುರುವ ಕಾಲಕ್ಕೆ ಕಲೆರ್ವೊ ತೀರಿಕೊಂಡ. ಈ ಚಳಿಗಾಲವೂ ಅರ್ಮಾಸ್ ಎರಡೂ ಸ್ಟೂಲುಗಳನ್ನು ಜಾರುಬಂಡಿಯಲ್ಲಿಟ್ಟು ಎಳೆದುಕೊಂಡು ಹೋದ. ಒಂದರ ಮೇಲೆ ತಾನು ಕೂತ, ಇನ್ನೊಂದನ್ನು ಖಾಲಿ ಬಿಟ್ಟ. ಬೆಕ್ಕಿಗೆ ಸಾಲುವಷ್ಟು ಮೀನೂ ಬೀಳಲಿಲ್ಲ.

"ಮೀನೆಲ್ಲ ಅಣ್ಣನ ಹಿಂದೇನೇ ಹೋದವು ಕಣೇ," ಎಂದ ಒಂದು ದಿನ. "ಮುಂದಿನ ಶನಿವಾರ ಬೀಗರು ಬರ್ತಾರಲ್ಲ, ಅವತ್ತು ಕೊನೇ ಸಲ ಕೂತು ನೋಡ್ತೀನಿ. ಆಮೇಲೆ ಹಿಮಾನೂ ಭಾರ ತಡೆಯಲ್ಲ. ಅವತ್ತೂ ಏನೂ ಬೀಳದಿದ್ರೆ ಬೈರಿಗೇನ ಬೀಗರಿಗೇ ಕೊಟ್ಟು ಕೈ ತೊಳ್ಕೋತೀನಿ. ಇನ್ನು ಮೇಲೆ ಚಳಿಗಾಲ ಪೂರ್ತಿ ಮನೇಲೇ ಇರ್ತೀನಿ. ನಿನಗೂ ಒತ್ತಾಸೆ ಆಗತ್ತೆ."

ಆ ಒತ್ತಾಸೆಯ ರುಚಿ ಹಿಲ್ಯಾಳಿಗೆ ಗೊತ್ತಿತ್ತು. ಕೆಮ್ಮು ಬಂದು ಅವನು ಮನೆಯಲ್ಲಿ ಉಳಿದ ವಾರ, "ಒಲೆ ಜಾಸ್ತಿ ಆಯ್ತೇನೋ," "ಹಿಟ್ಟಿಗೆ ಅಷ್ಟು ನೀರು ಬೇಕಾ?" ಎಂದು ಬೆನ್ನ ಹಿಂದೆಯೇ ನಿಂತಿದ್ದ. ಸೌಟುಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ತೂಗುಹಾಕಿದ್ದ. ಅದಾದರೂ ಸಹಿಸಬಹುದಿತ್ತು. ಬೈರಿಗೆಯನ್ನು ಗೋಣಿಚೀಲದಲ್ಲಿ ಸುತ್ತಿಡುವಾಗಿನ ಅವನ ಮುಖ, ಅಣ್ಣನ ಶವಪೆಟ್ಟಿಗೆ ಹೊತ್ತ ದಿನದ ಮುಖವೇ ಆಗಿತ್ತು. ಅದನ್ನು ಸಹಿಸುವುದು ಅವಳಿಂದಾಗಲಿಲ್ಲ.

ಶುಕ್ರವಾರ ಅವಳು ಪೇಟೆಗೆ ಹೋಗಿ ಮೊಳದುದ್ದದ ಮೀನೊಂದನ್ನು ಕೊಂಡು ತಂದಳು. ಶನಿವಾರ ಬೆಳಿಗ್ಗೆ ಮೀನನ್ನು ಮುಂದಿಟ್ಟುಕೊಂಡು, ಕಿಟಕಿಯಾಚೆ ಕಾಣುವ ಚರ್ಚಿನ ಗೋಪುರದ ಮೇಲೆ ಕಣ್ಣು ನೆಟ್ಟು, ದೇವರೊಂದಿಗೆ ಮಾತಿಗಿಳಿದಳು. "ಸ್ವಾಮಿ, ಇದನ್ನ ಸುಳ್ಳು ಅಂತ ಬರ್ಕೋಬೇಡ. ಮೀನೂ ನಿಂದೇ, ಸರೋವರಾನೂ ನಿಂದೇ. ಒಂದನ್ನ ಇನ್ನೊಂದಕ್ಕೆ ಮುಟ್ಟಿಸ್ತಿದ್ದೀನಿ, ಅಷ್ಟೇ." ದೇವರನ್ನು ಒಪ್ಪಿಸಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳ ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಅಂಗಳಕ್ಕೆ ಬೀಗರ ಕಾರು ಬಂದದ್ದು ಕೇಳಿ, ಗಡಿಬಿಡಿಯಲ್ಲಿ ಮೀನನ್ನು ಬಟ್ಟೆಯಲ್ಲಿ ಸುತ್ತಿ ಕಾಫಿ ಬುಟ್ಟಿಯ ತಳದಲ್ಲಿ ಬಚ್ಚಿಟ್ಟಳು.

ಸರೋವರದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಗಳು ಸೈಲಾಳ ಅತ್ತೆ ಓರ್ವೊಕಿ ಮನೆ ಬಿಟ್ಟಾಗಿನಿಂದ ಬಾಯಿ ಮುಚ್ಚಿರಲಿಲ್ಲ.

"ಕೆಳಗೆ ಎಷ್ಟು ಆಳ ಇದೆ? ಬಿರುಕು ಬಿಟ್ರೆ ಯಾವ ಕಡೆ ಓಡಬೇಕು?"

"ಷ್! ಮೀನಿಗೆ ಕೇಳ್ಸತ್ತೆ, ಅತ್ತೆ," ಎಂದಳು ಸೈಲಾ.

"ಕೇಳ್ಸಿದ್ರೆ ಮೀನೇ ಹೇಳ್ಲಿ ಬಿಡೇ," ಎಂದು ಓರ್ವೊಕಿ ಖಾಲಿ ಸ್ಟೂಲಿನ ಮೇಲೆ ಕೂರಲು ಹೋದರು.

"ಅದರ ಮೇಲೆ ಬೇಡಿ," ಎಂದ ಅರ್ಮಾಸ್.

ಮೆಲ್ಲಗೇ ಹೇಳಿದ. ಆದರೂ ಓರ್ವೊಕಿ ಸುಟ್ಟುಕೊಂಡವರಂತೆ ಎದ್ದು ಜಾರುಬಂಡಿಯ ಅಂಚಿನಲ್ಲಿ ಕೂತರು. ಮಧ್ಯಾಹ್ನ ಕಳೆಯಿತು. ಒಂದು ಮೀನೂ ಮೂಸಲಿಲ್ಲ. ಅರ್ಮಾಸ್ ಕೊನೆಗೆ ಎದ್ದು ಬೈರಿಗೆಯನ್ನು ಬೀಗ ಪೆಂಟ್ಟಿಯ ಕೈಗಿಟ್ಟ. "ಇದು ನಿಮಗೇ ಇರ್ಲಿ. ಬನ್ನಿ, ಕೊರೆಯೋದು ಹೇಗೆ ಅಂತ ತೋರಿಸ್ತೀನಿ." ಬೀಗರೂ ಮಗಳೂ ಅವನ ಹಿಂದೆ ಸ್ವಲ್ಪ ದೂರ ಹೋದರು. ಹಿಲ್ಯಾ ಗಾಳ ನೋಡಿಕೊಳ್ಳಲು ಉಳಿದಳು.

ಅತ್ತ ತಿರುಗಿ ನೋಡುತ್ತಲೇ ಅವಳು ದಾರವನ್ನು ಮೇಲಕ್ಕೆಳೆದು, ಬುಟ್ಟಿಯೊಳಗೆ ಕೈ ಹಾಕಿ, ತಡಕಾಡಿ ಮೀನಿನ ಬಾಯಿಗೆ ಗಾಳ ಸಿಕ್ಕಿಸಿ ತೂತಿನೊಳಗೆ ಇಳಿಬಿಟ್ಟಳು.

"ರೀ! ಓಡಿ ಬನ್ನಿ! ಏನೋ ಹಿಡೀತು!"

ಅರ್ಮಾಸ್ ಓಡಿ ಬಂದು ದಾರ ಹಿಡಿದ. "ಭಾರ ಇದೆ. ಆದ್ರೆ ಜಗ್ತಾನೇ ಇಲ್ವಲ್ಲ?"

"ವಯಸ್ಸಾದ ಮೀನಿರಬೇಕು ರೀ."

ಮೀನು ಮೇಲೆ ಬಂತು. ಹೊಟ್ಟೆ ಸೀಳಿ, ಒಳಗೆಲ್ಲ ತೊಳೆದು, ಸಬ್ಬಸಿಗೆ ಸೊಪ್ಪು ತುಂಬಿ, ಬಿಳಿ ದಾರದಿಂದ ಒಪ್ಪವಾಗಿ ಹೊಲಿದ ಮೀನು. ಮನೆಗೆ ಬಂದ ಮೀನಿಗೆ ಇಷ್ಟು ವರ್ಷ ಏನು ಮಾಡುತ್ತಿದ್ದವೋ, ಪ್ರಾರ್ಥನೆಯ ಹೊತ್ತಿನಲ್ಲಿ ಅವಳ ಕೈಗಳು ಅದನ್ನೇ ಮಾಡಿದ್ದವು.

ಪೆಂಟ್ಟಿ ಟೋಪಿ ತೆಗೆದರು. "ಈ ಕಡೆ ಮೀನು ಹೀಗೇ ಬರ್ತವಾ?" ಎಂದು ಗೌರವದಿಂದ ಕೇಳಿದರು. ಓರ್ವೊಕಿಗೆ ಆ ದಿನ ಮೊದಲ ಬಾರಿ ಮಾತು ಹೊರಡಲಿಲ್ಲ. ಸೈಲಾ ಅಮ್ಮನ ಮುಖ ನೋಡಿದಳು. ಅಮ್ಮ ಚರ್ಚಿನ ಗೋಪುರ ನೋಡಿದಳು. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ.

ಅರ್ಮಾಸ್ ಮಂಡಿಯೂರಿ ಆ ಹೊಲಿಗೆಯನ್ನು ನೋಡಿದ. ತನ್ನ ಕೋಟಿನ ಮೊಣಕೈ ತೇಪೆ ನೋಡಿಕೊಂಡ. ಅಲ್ಲೂ ಅದೇ ಓರೆ ಹೊಲಿಗೆ. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಪಾದ್ರಿಗಳ ದನಿಯಷ್ಟು ಗಂಭೀರವಾಗಿತ್ತು.

"ಬೀಗರೇ, ನಾನು ಕೂತಾಗ ಹೀಗೆ ಅಡುಗೆಗೆ ತಯಾರಾಗಿ ಒಂದು ಮೀನೂ ಬಂದಿದ್ದಿಲ್ಲ. ನಮ್ಮಣ್ಣ ಎಷ್ಟು ದೊಡ್ಡ ಬೇಟೆಗಾರ, ಅವನಿಗೂ ಬಂದಿದ್ದಿಲ್ಲ. ಇವಳು ಒಂದು ಗಳಿಗೆ ಕೂತಳು, ಬಂತು. ಆ ಬೈರಿಗೆ ವಾಪಸ್ ಕೊಡಿ. ಮುಂದಿನ ಚಳಿಗಾಲ ಪ್ರತಿ ಶನಿವಾರ ಇವಳನ್ನ ಕರ್ಕೊಂಡು ಬರ್ತೀನಿ."

"ನಾನಾ? ಮನೇಲಿ ಕೆಲಸ ಇರತ್ತೆ ರೀ!"

"ಮೀನು ತೊಳೆಯೋ ಕೆಲಸ ತಪ್ಪಿತಲ್ಲ."

ಹಾಗೆಂದು ಕಲೆರ್ವೊನ ಸ್ಟೂಲಿನ ಮೇಲಿನ ಹಿಮವನ್ನು ತನ್ನ ತೋಳಿನಿಂದ ಒರೆಸಿ, ಅವಳ ಪಕ್ಕಕ್ಕೆ ಸರಿಸಿದ. ಹಿಲ್ಯಾ ಕೂತಳು. ಚಳಿ ಲಂಗ ದಾಟಿ ಮೂಳೆಗೆ ಇಳಿಯಿತು. ದೂರದ ದಡದಲ್ಲಿ ಅವಳ ಅಡುಗೆಮನೆಯ ಚಿಮಣಿ ದಟ್ಟವಾಗಿ ಹೊಗೆಯಾಡುತ್ತಿತ್ತು.

"ರೀ, ಒಲೆ ಜಾಸ್ತಿ ಆಯ್ತೇನೋ..."

"ಷ್," ಎಂದ ಅರ್ಮಾಸ್. "ಮೀನಿಗೆ ಕೇಳ್ಸತ್ತೆ."