ಜೂನ್ ಒಂದರ ಮಹಾಪುರುಷರು

ದೊಡ್ಡವರಿಗೆ ಸತ್ತ ಮೇಲೆ ಇತಿಹಾಸ ಸೇರುವ ಆಸೆಯಿರಬಹುದು. ನನಗೆ ಬದುಕಿರುವಾಗಲೇ, ಅದೂ ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದ ಕರಿಹಲಗೆಯ ಮೇಲೆ ಸೇರಿದ್ದರೆ ಸಾಕಿತ್ತು. ಮೂರನೇ ಮಹಡಿಯ ಸರೋಜಮ್ಮ ಮೇಡಂ, ಇತಿಹಾಸದ ಟೀಚರಾಗಿ ನಿವೃತ್ತರಾದವರು, ದಿನಾ ಬೆಳಿಗ್ಗೆ ಅದರ ಮೇಲೆ 'ಇತಿಹಾಸದಲ್ಲಿ ಈ ದಿನ' ಬರೆಯುತ್ತಾರೆ. ಮನುಷ್ಯ ಚಂದ್ರನ ಮೇಲೆ ಇಳಿದದ್ದೂ, ಕೆಲವು ವರ್ಷಗಳ ನಂತರ ನೌಕೆಯೊಂದು ಮಂಗಳ ಗ್ರಹದಲ್ಲಿ ಇಳಿದದ್ದೂ ಜುಲೈ ಇಪ್ಪತ್ತರಂದೇ ಎಂದು ಓದಿದ ದಿನ ನಾನು ಲಿಫ್ಟ್ ಬಂದರೂ ಹತ್ತದೆ ನಿಂತುಬಿಟ್ಟಿದ್ದೆ. ಎಂಥ ದುಂಡಗಿನ ಅಕ್ಷರ, ಎಂಥ ಶಿಸ್ತು! ಪುಸ್ತಕ ನೋಡಿ ಖಾತ್ರಿಯಾಗದ ಸಂಗತಿಯನ್ನು ಅವರು ಒಂದು ದಿನವೂ ಬರೆದವರಲ್ಲ.

ನಾನು ಮೇ ಮೂವತ್ತೊಂದಕ್ಕೆ ನಿವೃತ್ತನಾದೆ. ಶಾಲು, ಹಾರ, ಜೊತೆಗೆ ಇನ್ನು ಹೊತ್ತು ನೋಡಿ ಮಾಡುವ ಕೆಲಸವೇ ಇಲ್ಲದವನಿಗೆ ಒಂದು ಗಡಿಯಾರ ಕೊಟ್ಟು ಕಳಿಸಿದರು. ಕಚೇರಿಯ ಮೆಟ್ಟಿಲಿಳಿಯುವಷ್ಟರಲ್ಲಿ ನನ್ನ ಕೋಣೆಯ ಬಾಗಿಲ ಮೇಲಿನ ನನ್ನ ಹೆಸರಿನ ಫಲಕ ಬಿಚ್ಚುವ ಸದ್ದು ಕೇಳಿಸಿತು. ಮರುದಿನ ನನ್ನ ಹುಟ್ಟುಹಬ್ಬ. ಎಲ್ಲಾದರೂ ಒಂದು ಕಡೆ ನನ್ನ ಹೆಸರಿರಲಿ ಅನ್ನಿಸಿ, ಹಾಲು ತರುವ ನೆಪದಲ್ಲಿ ಬೆಳಿಗ್ಗೆಯೇ ಕೆಳಗಿಳಿದೆ. ಡೆಕ್ಕನ್ ಕ್ವೀನ್ ರೈಲು ಮೊದಲ ಸಲ ಓಡಿದ ದಿನ ಎಂದು ಬರೆದು ಮೇಡಂ ಕೈಗಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುತ್ತಿದ್ದರು. ಕೆಳಗೆ ಬೇಕಾದಷ್ಟು ಜಾಗವಿತ್ತು. ನಾಚಿಕೆ ಬಿಟ್ಟು ನನ್ನ ಹೆಸರು ಹಾಕಲು ಕೇಳಿದೆ.

"ನಿಜವಾಗ್ಲೂ ಇವತ್ತೇ ಹುಟ್ಟಿದ್ದಾ ಸಾರ್?" ಎಂದರು.

ಅವರ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. ನಾನು ಹುಟ್ಟಿದ್ದು ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದಾಗ, ಅವರೆಕಾಯಿ ಕಾಲದಲ್ಲಿ. ಅವ್ವನಿಗೆ ನೆನಪಿದ್ದದ್ದು ಅಷ್ಟೇ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ನನ್ನ ಬಲಗೈ ತಲೆಯ ಮೇಲಿಂದ ಎಡಕಿವಿ ಮುಟ್ಟುತ್ತದೆಯೇ ಎಂದು ನೋಡಿ, ಮುಟ್ಟಿದ ಮಕ್ಕಳಿಗೆಲ್ಲ ಜೂನ್ ಒಂದು ಎಂದು ಬರೆದುಕೊಂಡರು.

"ಹಾಗಾದ್ರೆ ಬರೆಯೋಕಾಗಲ್ಲ ಸಾರ್," ಎಂದರು ಮೇಡಂ, ಬೇಸರದಿಂದಲೇ. ಆ ನಿಷ್ಠೆಗೆ ಕೈಮುಗಿಯಬೇಕೆನಿಸಿತು. ಅದು ನನ್ನ ಮೇಲೆಯೇ ಪ್ರಯೋಗವಾಗದಿದ್ದರೆ ಮುಗಿದೂಬಿಡುತ್ತಿದ್ದೆ.

ಹಾಲು ತಂದು ವಾಪಸ್ ಬರುವಾಗ ಹಲಗೆಯ ಮೇಲೆ ಹೊಸ ಸಾಲೊಂದಿತ್ತು: 'ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಊರೂರ ಹೆಡ್‌ಮಾಸ್ತರುಗಳು ಹುಟ್ಟುಹಬ್ಬ ಕೊಟ್ಟ ದಿನ.' ನನ್ನ ಕಣ್ಣು ತುಂಬಿತು. ಆ ಮಾಸ್ತರು ಹಾಗೆ ಬರೆಯದಿದ್ದರೆ ನನಗೆ ಶಾಲೆಯೂ ಇರಲಿಲ್ಲ, ನೌಕರಿಯೂ ಇರಲಿಲ್ಲ. ಅಷ್ಟರಲ್ಲಿ ಮೊದಲನೇ ಮಹಡಿಯ ಬಸವರಾಜಪ್ಪನವರೂ ನಾಲ್ಕನೇ ಮಹಡಿಯ ಮುನಿಯಪ್ಪನವರೂ ಅದನ್ನೋದಿ, ತಮ್ಮದೂ ಅದೇ ತಾರೀಖೆಂದು ಪರಸ್ಪರ ಕೈಕುಲುಕಿ, ಹಲಗೆಯ ಎರಡು ಪಕ್ಕ ನಿಂತರು. ನಾನೂ ಶರ್ಟು ಸರಿಮಾಡಿಕೊಂಡು ಹತ್ತಿರ ಹೋದೆ. ಬಸವರಾಜಪ್ಪ ತಮ್ಮ ಫೋನನ್ನು ನನ್ನ ಕೈಗಿಟ್ಟು, "ಒಂದು ಫೋಟೋ ತೆಗೀರಿ ಸಾರ್, ಇವತ್ತು ನಮ್ಮಿಬ್ರದೂ ಬರ್ತ್‌ಡೇ," ಎಂದರು.

ತೆಗೆದೆ. ಸಖತ್ತಾಗಿ ಬಂದಿದೆಯಂತೆ. ಮೂಲೆಯಲ್ಲಿ ನನ್ನ ಹೆಬ್ಬೆರಳೂ ಇದೆ.