ಮೂವತ್ತು ಗ್ರಾಂ ಅಪ್ಪಟ ಚಾಕೊಲೇಟು

ಡಾರ್ಕ್ ಚಾಕೊಲೇಟು ತಯಾರಿಸಿ, ಅದರ ಹೊದಿಕೆಯ ಮೇಲೆ ಯಾವುದನ್ನು ದಪ್ಪಕ್ಷರದಲ್ಲಿ, ಯಾವುದನ್ನು ಇರುವೆ ಕಾಲಿನಷ್ಟು ಸಣ್ಣಕ್ಷರದಲ್ಲಿ ಅಚ್ಚು ಹಾಕಬೇಕೆಂದು ತೀರ್ಮಾನಿಸುವ ಘನ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ತಮ್ಮ ಕಾರ್ಖಾನೆಯ ಸಮಸ್ತ ಯಂತ್ರಗಳೂ ಕ್ಷೇಮವೆಂದು ನಂಬಿ, ನಾಲಿಗೆಯ ಮೇಲೆ ಒಂದು ಚೌಕ ಚಾಕೊಲೇಟು ಕರಗುವಷ್ಟು ಹೊತ್ತನ್ನು ತಮ್ಮಿಂದ ಬೇಡುತ್ತಾ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಮೂವತ್ತೊಂದು ವರ್ಷಗಳಿಂದ ಚಿನ್ನದ ಕೆಲಸ ಮಾಡಿಕೊಂಡಿರುವ ಅಕ್ಕಸಾಲಿಗ. ಉಂಗುರ ಅರ ಹಾಕುವಾಗ ಉದುರಿದ ಪುಡಿಯನ್ನು ಕುಂಚದಿಂದ ಗುಡಿಸಿ, ತೊಡೆಯ ಮೇಲಿನ ಚರ್ಮದ ಹಾಸನ್ನು ಕೊಡವಿ, ಕೈ ತೊಳೆದ ನೀರನ್ನೂ ಸೋಸಿಟ್ಟುಕೊಳ್ಳುವ ಜಾತಿ ನನ್ನದು. ತೂಕದ ವಿಷಯದಲ್ಲಿ ನನ್ನ ಮೇಲೆ ಇದುವರೆಗೆ ಯಾರೂ ಬೆರಳು ತೋರಿಸಿದ್ದಿಲ್ಲ. ಅಂಥ ನನ್ನ ಮೈಮೇಲೆಯೇ ಒಂದು ಕಿಲೋ ಮುನ್ನೂರು ಗ್ರಾಂ ಹೆಚ್ಚುವರಿ ಮಾಲು ಪತ್ತೆಯಾಗಿದೆ, ಅದಕ್ಕೆ ತಾವೇ ಹೊಣೆ ಎಂದು ತಿಳಿಸಲು ತುಂಬಾ ವಿಷಾದಿಸುತ್ತೇನೆ.

ನಡೆದದ್ದಿಷ್ಟು. ನನ್ನ ಮಗಳು ಪೋಷಣಾಶಾಸ್ತ್ರ ಓದುತ್ತಿದ್ದಾಳೆ. ಕೊನೆಯ ಪರೀಕ್ಷೆಗಾಗಿ ಅವಳು ಒಬ್ಬ ಮನುಷ್ಯನಿಗೆ ಹನ್ನೆರಡು ವಾರ ಊಟದ ಪಟ್ಟಿ ಹಾಕಿಕೊಟ್ಟು, ಅವನ ತೂಕವನ್ನು ಎಷ್ಟು ಇಳಿಸುತ್ತೇನೆಂದು ಮೊದಲೇ ಲೆಕ್ಕ ಹಾಕಿ, ಅಷ್ಟನ್ನು ಇಳಿಸಿ ತೋರಿಸಬೇಕಿತ್ತು. ಅದೇ ಸಮಯಕ್ಕೆ ವೈದ್ಯರು ನನ್ನ ರಕ್ತದ ಕೊಬ್ಬಿನ ವರದಿ ನೋಡಿ ಹುಬ್ಬೇರಿಸಿದ್ದರಿಂದ ಆ ಮನುಷ್ಯ ನಾನೇ ಆದೆ. ಊಟದ ನಂತರ ನನಗೆ ಚಾಕೊಲೇಟು ಬೇಕೇ ಬೇಕು ಎಂಬುದೊಂದೇ ನಾನು ಹಾಕಿದ ಷರತ್ತು. ಅವಳು ಮೂರು ದಿನ ಪುಸ್ತಕ ತಿರುವಿ ಹಾಕಿ, ನನ್ನ ಚಹಾದ ಸಕ್ಕರೆಯನ್ನೂ ಬ್ರೆಡ್ಡಿನ ಮೇಲಿನ ಬೆಣ್ಣೆಯನ್ನೂ ಕಿತ್ತುಹಾಕಿ, ಅಲ್ಲಿ ಉಳಿದ ನೂರೆಂಬತ್ತು ಕ್ಯಾಲರಿಯ ಜಾಗದಲ್ಲಿ ತಮ್ಮ ಡಾರ್ಕ್ ಚಾಕೊಲೇಟನ್ನು ಕೂರಿಸಿದಳು. ಅದರಲ್ಲಿ ಕಬ್ಬಿಣವಿದೆ, ಮೆಗ್ನೀಸಿಯಂ ಇದೆ, ನಾರಿದೆ, ಹಾಲಿನ ಚಾಕೊಲೇಟಿಗಿಂತ ಸಕ್ಕರೆ ಕಡಿಮೆಯಿದೆ ಎಂದೆಲ್ಲ ಹೊಗಳಿ, ಕೊನೆಗೆ ಬೆರಳೆತ್ತಿ, "ಆದ್ರೆ ದಿನಕ್ಕೆ ಮೂವತ್ತೇ ಗ್ರಾಂ ಅಪ್ಪ, ಅದಕ್ಕಿಂತ ಒಂದು ಚೂರೂ ಜಾಸ್ತಿ ಇಲ್ಲ" ಎಂದಳು. ಮೂವತ್ತು ಗ್ರಾಂ ತೂಗುವುದನ್ನು ನನಗೆ ಹೇಳಿಕೊಡಬೇಕೇ ಎಂದು ನಾನು ಮೀಸೆಯಲ್ಲೇ ನಕ್ಕೆ.

ಮಾನ್ಯರೇ, ತಾವು ಹೊದಿಕೆಯ ಮುಂಭಾಗದಲ್ಲಿ, ಹೆಬ್ಬೆರಳುದ್ದದ ಚಿನ್ನದ ಬಣ್ಣದ ಅಕ್ಷರಗಳಲ್ಲಿ, 'ಶೇಕಡಾ ಎಪ್ಪತ್ತು' ಎಂದು ಅಚ್ಚು ಹಾಕಿದ್ದೀರಿ. ಚಿನ್ನದ ಕೆಲಸದವನ ಕಣ್ಣೆದುರು ಚಿನ್ನದ ಬಣ್ಣದಲ್ಲಿ ಶೇಕಡಾವಾರು ಬರೆದರೆ ಅವನೇನು ಮಾಡುತ್ತಾನೆಂದು ತಾವು ಒಂದು ಗಳಿಗೆಯಾದರೂ ಯೋಚಿಸಿದ್ದುಂಟೇ? ನೂರರಲ್ಲಿ ಎಪ್ಪತ್ತು ಪಾಲು ಅಪ್ಪಟ, ಉಳಿದ ಮೂವತ್ತು ಬೆರಕೆ. ಬೆರಕೆಯನ್ನು ಕಳೆದು ಅಪ್ಪಟ ತೂಕವನ್ನಷ್ಟೇ ಹೇಳುವುದು ನಮ್ಮ ಕಸುಬಿನ ಪದ್ಧತಿ. ಮಗಳು ಹೇಳಿದ್ದು ಮೂವತ್ತು ಗ್ರಾಂ ಚಾಕೊಲೇಟು, ಬೆರಕೆಯಲ್ಲ. ಮೂವತ್ತು ಗ್ರಾಂ ಅಪ್ಪಟ ಚಾಕೊಲೇಟು ಹೊಟ್ಟೆ ಸೇರಬೇಕಾದರೆ ತಮ್ಮ ಬಾರಿನಿಂದ ನಲವತ್ಮೂರು ಗ್ರಾಂ ಮುರಿಯಬೇಕು ಎಂದು ನನ್ನ ಬುದ್ಧಿ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಹಾಕಿತು. ನಾಲಿಗೆಗೆ ಲಾಭವಿರುವ ಕಡೆ ನನ್ನ ಬುದ್ಧಿ ಯಾವತ್ತೂ ಸ್ವಲ್ಪ ಚುರುಕೇ.

ಇಷ್ಟಕ್ಕೇ ನಿಲ್ಲಲಿಲ್ಲ. ಯಾವ ಮಾಲನ್ನಾದರೂ ಮೊದಲು ಒರೆಗೆ ಹಚ್ಚಿ ನೋಡದೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲವಾದ್ದರಿಂದ, ಪ್ರತಿದಿನ ಬಾರಿನ ಒಂದು ಮೂಲೆಯನ್ನು, ಸುಮಾರು ಐದು ಗ್ರಾಂ ಇರಬಹುದು, ಗುಣಮಟ್ಟದ ಪರೀಕ್ಷೆಗೆಂದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಪರೀಕ್ಷೆಗೆ ಹೋದ ಮಾಲು ತೂಕಕ್ಕೆ ಸೇರುವುದಿಲ್ಲ. ಮುರಿಯುವಾಗ ಪುಡಿ ಉದುರುತ್ತದಲ್ಲ, ಆ ಸವಕಳಿಗೆಂದು ಎರಡು ಗ್ರಾಂ ಮೇಲೆ ಹಾಕಿಕೊಳ್ಳುತ್ತಿದ್ದೆ. ಉದುರಿದ ಪುಡಿಯನ್ನು ಬಿಸಾಡಲು ಮನಸ್ಸು ಬಾರದೆ, ಕುಂಚದಿಂದ ಗುಡಿಸಿ ಅದನ್ನೂ ತಿನ್ನುತ್ತಿದ್ದೆ. ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ ನನ್ನ ಹೆಂಡತಿ, "ಅಯ್ಯೋ, ಒಂದು ತುಂಡು ತಿನ್ನೋಕೆ ಇಷ್ಟೊಂದು ಪಾಡು ಯಾಕ್ರೀ? ತಿಂದು ಬಾಯಿ ಒರೆಸ್ಕೊಳ್ಳಿ" ಎಂದು ಒಳಗೆ ಹೋದಳು. ಹೀಗೆ ದಿನವೂ ಐವತ್ತು ಗ್ರಾಂ ನುಂಗಿ, ಮಗಳ ಪುಸ್ತಕದಲ್ಲಿ ಮೂವತ್ತು ಎಂದು ಬರೆಸಿ, ನನ್ನಂಥ ಪ್ರಾಮಾಣಿಕ ಇನ್ನೊಬ್ಬನಿಲ್ಲ ಎಂದುಕೊಂಡು ಹಾಯಾಗಿದ್ದೆ.

ಹನ್ನೆರಡು ವಾರ ಮುಗಿದಾಗ ನಾಲ್ಕು ಕಿಲೋ ಇಳಿಯಬೇಕಿದ್ದ ನಾನು ಇಳಿದದ್ದು ಎರಡು ಕಿಲೋ ಏಳುನೂರು ಗ್ರಾಂ ಮಾತ್ರ. ನಮ್ಮ ಅಂಗಡಿಯಲ್ಲಿ ತೂಕ ತಾಳೆಯಾಗದಿದ್ದರೆ ಮೊದಲು ಎಲ್ಲರ ಜೇಬು ನೋಡುತ್ತಾರೆ. ನನ್ನ ಮಗಳು ನೋಡಿಕೊಂಡದ್ದು ತನ್ನ ತಲೆಯನ್ನು. ಎರಡು ದಿನ ಸರಿಯಾಗಿ ಊಟ ಮಾಡದೆ, ಇದ್ದಬದ್ದ ಪಟ್ಟಿಗಳನ್ನೆಲ್ಲ ಹರವಿಕೊಂಡು ಕೂಡಿದ್ದನ್ನೇ ಕೂಡಿ, ಕಳೆದದ್ದನ್ನೇ ಕಳೆದು, ಕೊನೆಗೆ ನನ್ನ ಕೆಲಸದ ಮಣೆಯ ಪಕ್ಕ ಬಂದು ಕುಳಿತು, "ಎಲ್ಲಾ ಸರಿಯಾಗೇ ಇದೆ ಅಪ್ಪ, ಆದ್ರೂ ಬರ್ತಿಲ್ಲ. ಈ ವಿದ್ಯೆ ನನಗೆ ಹತ್ತೋದಿಲ್ಲ ಅನ್ಸುತ್ತೆ" ಎಂದಳು. ಅವಳ ಕೈಯಲ್ಲಿ, ಪರೀಕ್ಷೆಯಿಂದ ಹಿಂದೆ ಸರಿಯುತ್ತೇನೆಂದು ಗುರುಗಳಿಗೆ ಬರೆದ ಪತ್ರವಿತ್ತು.

ಆಗ ಮೊದಲ ಬಾರಿಗೆ, ಹರಳು ಕೂರಿಸುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಹಾಕಿಕೊಂಡು ತಮ್ಮ ಹೊದಿಕೆಯ ಹಿಂಬದಿ ಓದಿದೆ. ಅಬ್ಬಾ, ಏನು ಕುಶಲ ಕೆಲಸ! ನೂರು ಗ್ರಾಮಿಗೆ ಆರುನೂರು ಕ್ಯಾಲರಿ, ನಲವತ್ತೆರಡು ಗ್ರಾಂ ಕೊಬ್ಬು, ಇಪ್ಪತ್ತೊಂಬತ್ತು ಗ್ರಾಂ ಸಕ್ಕರೆ ಎಂಬುದನ್ನೆಲ್ಲ ಒಂದು ಸಾಸಿವೆ ಕಾಳಿನ ಮೇಲೆ ಕೆತ್ತಿಬಿಡಬಹುದಾದಷ್ಟು ಸಣ್ಣದಾಗಿ ಅಚ್ಚು ಹಾಕಿದ್ದೀರಿ. ನೂರು ಗ್ರಾಂ ಎಂದರೆ ಪೂರ್ತಿ ನೂರು, ಬೆರಕೆಯೂ ಸೇರಿ. ನಾನು ಲೆಕ್ಕದಿಂದ ಕಳೆದ ಬೆರಕೆ ಬಹುಪಾಲು ಸಕ್ಕರೆಯೇ ಆಗಿತ್ತು, ಅದು ನನ್ನ ಸೊಂಟದಿಂದ ಕಳೆದುಹೋಗಿರಲಿಲ್ಲ. ಮಗಳು ಅಪ್ಪನ ಆಸೆಗೆಂದು ಅಷ್ಟು ಕಷ್ಟಪಟ್ಟು ಜಾಗ ಮಾಡಿಕೊಟ್ಟಿದ್ದಳು. ನಾನು ದಿನಾ ಒಂದಿಷ್ಟು ಬೇಲಿ ಸರಿಸುತ್ತಾ ಬಂದಿದ್ದೆ. ನಾಚಿಕೆಯಾಯಿತು ಮಾನ್ಯರೇ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ಮುಂಭಾಗದ ಎಪ್ಪತ್ತರ ಪಕ್ಕದಲ್ಲೇ, ಅಷ್ಟೇ ದಪ್ಪಕ್ಷರದಲ್ಲಿ, 'ಉಳಿದ ಮೂವತ್ತೂ ಹೊಟ್ಟೆಗೇ ಹೋಗುತ್ತದೆ' ಎಂದು ಅಚ್ಚು ಹಾಕಿಸಬೇಕು. ಮೂರನೆಯ ಚೌಕ ಮುರಿದ ಕೂಡಲೇ ನಾಲ್ಕನೆಯದು ಮರುದಿನದವರೆಗೆ ಕಬ್ಬಿಣವಾಗುವಂಥ ಏರ್ಪಾಡು ಮಾಡಬೇಕು. ಹೇಗೂ ತಮ್ಮ ಚಾಕೊಲೇಟಿನಲ್ಲಿ ಕಬ್ಬಿಣಾಂಶ ಇದ್ದೇ ಇದೆ. ತಮ್ಮ ಶೇಕಡಾ ತೊಂಬತ್ತೊಂಬತ್ತರ ಬಾರನ್ನೂ ಒಮ್ಮೆ ತಂದು ನೋಡಿದ್ದೇನೆ, ಅದನ್ನು ತಿಂದ ಮುಖವನ್ನು ಗಿರಾಕಿಗಳಿಗೆ ತೋರಿಸಲಾರದೆ ಅರ್ಧ ದಿನ ಅಂಗಡಿ ಮುಚ್ಚಬೇಕಾಯಿತು, ಅದಕ್ಕೊಂದು ಪರಿಹಾರ ಸೂಚಿಸಬೇಕು. ಮುಖ್ಯವಾಗಿ, ಈ ಪ್ರಕರಣದಲ್ಲಿ ತಪ್ಪೆಲ್ಲ ಕಂಪನಿಯದೇ, ತಂದೆಯಾದವನು ನಿರಪರಾಧಿ ಎಂದು ಮೊಹರು ಸಮೇತ ಒಂದು ಪತ್ರ ಕೊಡಬೇಕು.

ಆದರೆ ತಮ್ಮ ಪತ್ರಕ್ಕಾಗಿ ಕಾಯುವ ಹಾಗಿರಲಿಲ್ಲ. ಅವಳು ಅಂದೇ ಸಂಜೆ ಗುರುಗಳ ಮನೆಗೆ ಹೊರಟಿದ್ದಳು. ಚಪ್ಪಲಿ ಹಾಕಿಕೊಳ್ಳುತ್ತಿದ್ದವಳನ್ನು ಕರೆದು ಕೂರಿಸಿ, ಅಪ್ಪಟ, ಬೆರಕೆ, ಒರೆ, ಸವಕಳಿ ಎಲ್ಲವನ್ನೂ ಒಂದೂ ಬಿಡದೆ ಹೇಳಿಬಿಟ್ಟೆ. ಬೈಯುತ್ತಾಳೆಂದು ತಲೆ ತಗ್ಗಿಸಿದ್ದೆ. ಅವಳು ಬೈಯಲಿಲ್ಲ. ನನ್ನ ಕಿವಿಯ ಮೇಲಿದ್ದ ಪೆನ್ಸಿಲನ್ನೇ ಕಿತ್ತುಕೊಂಡು, ಮೂವತ್ತನ್ನು ಹೊಡೆದುಹಾಕಿ ಐವತ್ತು ಬರೆದು, ಹೆಚ್ಚಾದ ಇಪ್ಪತ್ತನ್ನು ಎಂಬತ್ನಾಲ್ಕು ದಿನಕ್ಕೆ ಗುಣಿಸಿ, ಕ್ಯಾಲರಿ ಮಾಡಿ, ತೂಕ ಮಾಡಿದಳು. ಉತ್ತರ ಒಂದು ಕಿಲೋ ಮುನ್ನೂರು ಗ್ರಾಂ ಎಂದು ಬಂತು. "ಅಪ್ಪ, ನನ್ನ ಲೆಕ್ಕ ಸರಿಯಾಗೇ ಇತ್ತು!" ಎಂದು ಕಿರುಚಿ, ಗುರುಗಳಿಗೆ ಬರೆದಿದ್ದ ಪತ್ರವನ್ನು ಹರಿದು ನನ್ನ ಮಣೆಯ ಮೇಲೆ ಸುರಿದಳು. ಬೈಯಬೇಕೆಂದು ಅವಳಿಗೆ ನೆನಪಾದದ್ದು ಹತ್ತು ನಿಮಿಷದ ನಂತರ. ಆ ಬೈಗುಳದಷ್ಟು ಸಿಹಿಯಾದದ್ದನ್ನು ತಮ್ಮ ಕಾರ್ಖಾನೆ ಇನ್ನೂ ತಯಾರಿಸಿಲ್ಲ.

ಈಗ ನನ್ನ ಪಾಲಿನ ಮೂರು ಚೌಕಗಳನ್ನು ಅವಳೇ ಮುರಿದು ಕೈಗೆ ಕೊಡುತ್ತಾಳೆ. ಪರೀಕ್ಷೆಯ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ಪ್ರಾಮಾಣಿಕ, ಆದರೆ ಕಣ್ಣೆದುರಿಗಿದ್ದರೆ ಮಾತ್ರ' ಎಂದು ಷರಾ ಬರೆದಿದ್ದಾಳೆ.

ಎರಡು ಕಿಲೋ ಏಳುನೂರು ಗ್ರಾಂ ಹಗುರಾಗಿರುವ,
ತಮ್ಮ ವಿಶ್ವಾಸಿ,
ಒಬ್ಬ ಅಕ್ಕಸಾಲಿಗ

ಮರೆತ ಮಾತು: ಈ ಪತ್ರ ಮುಗಿಸಿದ ಮೇಲೆ, ಕೈ ಸುಮ್ಮನಿರದೆ, ಮನೆಯಲ್ಲಿ ಉಳಿದಿದ್ದ ತಮ್ಮ ನಾಲ್ಕು ಬಾರುಗಳನ್ನು ಬಿಚ್ಚದೆಯೇ ನನ್ನ ತಕ್ಕಡಿಗೆ ಹಾಕಿದೆ. ಹೊದಿಕೆಯ ಮೇಲೆ ನೂರು ಗ್ರಾಂ ಎಂದಿದೆ. ಹೊದಿಕೆಯ ಕಾಗದವನ್ನೂ ಸೇರಿಸಿ ಒಂದೊಂದೂ ತೊಂಬತ್ತಾರು ತೂಗಿತು. ನನ್ನ ಆರೋಗ್ಯದ ಮೇಲಿನ ಕಾಳಜಿಯಿಂದ ತಾವು ಗುಟ್ಟಾಗಿ ಪಥ್ಯ ಮಾಡಿಸುತ್ತಿದ್ದೀರೆಂದು ತಿಳಿದು ಕಣ್ಣು ತುಂಬಿ ಬಂತು. ನಾನಂತೂ ಮಗಳ ಮುಂದೆ ತಪ್ಪು ಒಪ್ಪಿಕೊಂಡು ಇಂದಿಗೆ ಒಂಬತ್ತು ದಿನವಾಯಿತು. ತಮ್ಮ ಸರದಿಗಾಗಿ ಕಾಯುತ್ತಿದ್ದೇನೆ.